ಹೆಂಗಸರ ಕ್ಲಾಸಿನಲ್ಲಿ ಕಾಕಾ

ಮೊನ್ನೆ ಭಾಲ್ಕಿಯಲ್ಲೊಂದು ಮದುವೆಗೆ ಹೋಗಿದ್ದೆ. ಕೊನೆಯ ಸಾಲಿನಲ್ಲಿ ಕೂತು ಅಕ್ಷತೆಗೆ ಕಾಯುತ್ತಿದ್ದರೆ, ನನ್ನ ಪ್ಲಾಸ್ಟಿಕ್ ಕುರ್ಚಿ ನನ್ನನ್ನು ಕೇಳದೆಯೇ ವಧೂವರರ ಕಡೆ ಹೊರಟಿತು. ನೆಲವೇ ಇಳಿಜಾರು. ಆಗ ಗುರುತು ಹತ್ತಿತು ನೋಡಿ: ಈ ಫಂಕ್ಷನ್ ಹಾಲ್ ಒಂದು ಕಾಲಕ್ಕೆ ಟಾಕೀಸು, ಅದರ ನಕಾಶೆ ಬರೆದವರು ನಮ್ಮ ಕಾಕಾ!

ಕಾಕಾ ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಕಲಿತು ಬಂದವರು. ಬಂದ ಮೇಲೆ ಧಾನ್ಯದ ಗೋದಾಮುಗಳಲ್ಲೇ ಅವರ ಕೈ ಎಷ್ಟು ಪಳಗಿತ್ತೆಂದರೆ, ಬೀದರ್‌ನಲ್ಲಿ ಅವರ ಮೊದಲ ಟಾಕೀಸು ಎದ್ದಾಗ ಬಗದಲ್ ಕಡೆಯ ರೈತರು ತೊಗರಿ ಚೀಲ ಹೇರಿಕೊಂಡು ಬಂದು ಬಾಗಿಲಲ್ಲಿ ನಿಂತರಂತೆ. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. "ಭದ್ರ ಕಾಣ್ತದ, ಅದಕ್ಕ ಬಂದಾರ" ಅಂದರು. ಸಿನಿಮಾ ಮಾತ್ರ ಅವರು ನೋಡುತ್ತಿರಲಿಲ್ಲ. ದೀಪ ಆರಿಸಿದರೆ ಕಟ್ಟಡ ಕಾಣುವುದಿಲ್ಲ ಎಂಬುದು ಅವರ ತಕರಾರು.

ಎರಡನೆಯದು ಭಾಲ್ಕಿಯದು. ಹೆಣ್ಣುಮಕ್ಕಳ ಮರ್ಯಾದೆ ಕಾಪಾಡಲೆಂದು ಹೆಂಗಸರ ಕ್ಲಾಸಿನ, ಅಂದರೆ ಅವರಿಗೆಂದೇ ಬಿಟ್ಟ ಸೀಟುಗಳ, ಮುಂದೆ ಅಡ್ಡಗೋಡೆ ಎತ್ತರಿಸಿದರು. ಮರ್ಯಾದೆ ಉಳಿಯಿತು, ಪರದೆಯ ಕೆಳಗಿನ ಅರ್ಧ ಹೋಯಿತು. ಅವರ ಹೆಂಡತಿ, ನಮ್ಮ ಕಾಕು, ಆಟ ನೋಡಿ ಬಂದವಳೇ ಜಗಳ ತೆಗೆದಳು.

"ಹೀರೋಯಿನ್ ಕುಣಿದಳಂತ. ನಮಗ ತಲಿ ಅಷ್ಟ ಕಾಣ್ತು. ಹೊಡದಾಟದಾಗ ಬಿದ್ದಂವ ಸತ್ತನೋ ಎದ್ದನೋ ದೇವರಿಗೇ ಗೊತ್ತು!"

"ನಕಾಶಾ ಬರಾಬರ್ ಅದ" ಎಂದರು ಕಾಕಾ.

ಹೆಂಗಸರು ಬರುವುದು ಬಿಟ್ಟರು. ಅವರಿಲ್ಲದೆ ಮನೆಮಂದಿಯೂ ಬರಲಿಲ್ಲ. ಟಾಕೀಸಿನ ಮಾಲೀಕ ಸೇಠ್ ಸಾಹೇಬರು ಒಂದಿನ ಮನೆಗೇ ಬಂದರು. "ಇಂಜಿನಿಯರ್ ಸಾಬ್, ಔರಾದಿನ ಟಾಕೀಸ್ ನಿಮಗೇ ಕೊಡಬೇಕಂತ ಮಾಡಿದ್ದೆ. ಈಗ ವಿಚಾರ ಮಾಡ್ಬೇಕಾಗ್ತದ್ರಿ."

ಅವತ್ತು ಕಾಕಾ ಊಟ ಮುಟ್ಟಲಿಲ್ಲವಂತೆ. ಮರುದಿನ ಮಧ್ಯಾಹ್ನದ ಆಟಕ್ಕೆ ಕಾಕು ಅವರ ಧೋತರದ ಮೇಲೆ ತನ್ನ ಸೀರೆ ಸುತ್ತಿ, ಗಲ್ಲದ ತನಕ ಸೆರಗು ಎಳೆದು, "ನೀವೇ ಕೂತು ನೋಡ್ರಿ" ಎಂದು, ಒಳಗೆ ದೀಪ ಆರಿದ ಮೇಲೆ ಹೆಂಗಸರ ಕ್ಲಾಸಿಗೆ ಕರೆದೊಯ್ದಳು. ಪಕ್ಕದಲ್ಲಿ ಭಾತಂಬ್ರಾದ ಒಬ್ಬಾಕೆ.

"ಯಾವೂರಕ್ಕಾ ನಿಂದು?"

ಕಾಕಾ ಸುಮ್ಮನೆ ತಲೆಯಾಡಿಸಿದರು.

"ಪಾಪ, ಮೂಕಿ" ಎಂದು ಆಕೆ ಕೈತುಂಬ ಶೇಂಗಾ ಕೊಟ್ಟಳು. ಕಾಕಾ ತಿಂದರು. ಹೊಡೆದಾಟ ಬಂತು. ಹೀರೋ ಏಟು ತಿಂದು ಗೋಡೆಯ ಕೆಳಗೆ ಮಾಯವಾದ. ಕಾಕಾ ಎಲ್ಲ ಮರೆತು ಎದ್ದು ನಿಂತು ಕೂಗಿದರು: "ಏ! ಬಿದ್ದಂವ ಏನಾದ?"

ದೀಪ ಹತ್ತಿತು. ಸೆರಗು ಜಾರಿ ಮೀಸೆ ಕಂಡಿತು. ಹೆಂಗಸರು ಚಪ್ಪಲಿಗೆ ಕೈ ಹಾಕಿದರು.

"ಹೊಡೀಬ್ಯಾಡ್ರಿ! ಈ ಗ್ವಾಡಿ ಕಟ್ಟಿಸಿದವರು ಇವರೇ" ಎಂದು ಕಾಕು ಅಡ್ಡ ನಿಂತಳು.

ಭಾತಂಬ್ರಾದಾಕೆ ಚಪ್ಪಲಿ ಇಳಿಸಿದಳು. "ಹಂಗಾದ್ರ ಕೂಡ್ರಿ ಸಾಹೇಬ್ರ. ಪೂರಾ ನೋಡೇ ಹೋಗ್ರಿ."

ಕಾಕಾ ಕೂತರು, ಸೀರೆಯಲ್ಲೇ, ಕೊನೆಯವರೆಗೆ. ಮರುದಿನವೇ ಗೋಡೆ ಅರ್ಧಕ್ಕಿಳಿಯಿತು. ಔರಾದಿನ ಕೆಲಸವೂ ಕೈತಪ್ಪಲಿಲ್ಲ. ಅಲ್ಲಿ ಕಾಕು ಎಲ್ಲ ಕಡೆ ಕೂತು ನೋಡಿ ಹೂಂ ಎಂದ ಮೇಲೆಯೇ ಗೋಡೆಗಳು ಏಳುತ್ತಿದ್ದವು.

ಇದನ್ನು ಕಾಕು ಹಬ್ಬ ಹಬ್ಬಕ್ಕೂ ಹೇಳುತ್ತಿದ್ದಳು. ಕಾಕಾರ ತಿದ್ದುಪಡಿ ಒಂದೇ: "ಕೆಂಪು ಸೀರಿ ಅಲ್ಲ, ಹಸರು." ನಮಗೆಲ್ಲ ಕಾಕಾ ಎಂದರೆ ಸೀರೆ ಉಟ್ಟ ಇಂಜಿನಿಯರ್, ಅಷ್ಟೆ.

ಹೀಗೆ ನೆನೆದು ಒಬ್ಬನೇ ನಗುತ್ತಿದ್ದಾಗ ಕರೆಂಟು ಹೋಯಿತು. ಮೈಕು ಸತ್ತಿತು. ಆದರೂ ಐನೋರ ಮಂತ್ರ ಕೊನೆಯ ಸಾಲಿನ ನನಗೆ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟ.

"ಯಾರು ಕಟ್ಯಾರೋ, ಆವಾಜ್ ಎಷ್ಟು ಚಲೋ ಬರ್ತದ ನೋಡ್ರಿ" ಎಂದರು ಪಕ್ಕದ ಹಿರಿಯರು.

ಇಷ್ಟು ವರ್ಷ ಕಾಕಾರನ್ನು ಯಾರಾದರೂ ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ಮೆಲ್ಲಗೆ ಅಂದೆ: "ನಮ್ಮ ಕಾಕಾ ಕಟ್ಯಾರ್ರಿ."

ಮೆಲ್ಲಗೆ ಎಂದು ನಾನು ತಿಳಿದಿದ್ದೆ, ಅಷ್ಟೆ. ಇಡೀ ಹಾಲ್ ಹಿಂದೆ ತಿರುಗಿ ನೋಡಿತು. ಮದುಮಗನ ಹಾರ ಕೈಯಲ್ಲೇ ಉಳಿಯಿತು. ಐನೋರು ಮಂತ್ರ ನಿಲ್ಲಿಸಿ ವೇದಿಕೆಯಿಂದಲೇ ಕೇಳಿದರು: "ಯಾರ ಕಾಕಾರೀ?"