ಅವ್ವನ ಮೆಣಸಿನಕಾಯಿ, ನನ್ನ ಲೇಸರ್

ಕನ್ನಡಕ ಕಳಚುವ ಯೋಗ ಬಂತೆಂದು ನಾನು ಹಿಗ್ಗುತ್ತಿದ್ದರೆ, ಮಂಡ್ಯದ ಕಣ್ಣಿನ ಡಾಕ್ಟರ ಮುಂದೆ ಅವ್ವ ಸೀರೆ ಅಂಗಡಿಗೆ ಬಂದವಳಂತೆ ಕೂತಿದ್ದಳು. ಕಣ್ಣಿನ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ ಲೇಸರ್ ಬಿಡುವುದು ಒಂದು ಬಗೆ. ಮೇಲಿನ ತೆಳು ಚರ್ಮವನ್ನೇ ಸವರಿ ತೆಗೆದು ಲೇಸರ್ ಬಿಡುವುದು ಇನ್ನೊಂದು. ಎರಡೂ ಒಗ್ಗದವರಿಗೆ ಕಣ್ಣೊಳಗೇ ಲೆನ್ಸ್ ಕೂರಿಸುತ್ತೇವೆ ಎಂದು ಡಾಕ್ಟರು ವಿವರಿಸಿದರು.

"ಅದ್ರಲ್ಲಿ ನೋವಾಗ್ದೆ ಇರೋದ ಕೊಟ್ಬುಡಿ ಸಾ," ಅಂದಳು ಅವ್ವ.

ನನ್ನ ಕಣ್ಣಿನ ಮೇಲ್ಪದರ, ಅಂದರೆ ಕಾರ್ನಿಯಾ, ಮುಚ್ಚಳ ಎತ್ತಲಾಗದಷ್ಟು ತೆಳ್ಳಗಿತ್ತು. ಹಾಗಾಗಿ ಸಿಕ್ಕಿದ್ದು ಎರಡನೆಯದು, ನಾಲ್ಕಾರು ದಿನ ಉರಿಯುವಂಥದ್ದು. ಆಪರೇಷನ್ ಮುಗಿದ ಮೇಲೆ, ನೀರು, ಧೂಳು, ಹೊಗೆ ಸೋಕಿದರೆ ಕಣ್ಣು ಕೆಟ್ಟೀತು ಎಂದು ಡಾಕ್ಟರು ಅವ್ವನಿಗೇ ಒತ್ತಿ ಹೇಳಿದರು. ಅವ್ವ ತಲೆಯಾಡಿಸಿದಳು. ಅವಳು ಅಷ್ಟು ಸುಲಭವಾಗಿ ತಲೆಯಾಡಿಸಿದರೆ ನನಗೆ ಭಯ.

ಮಳವಳ್ಳಿಯ ಮನೆ ತಲುಪಿದ್ದೇ, ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿ ಒಳಗೆ ಹೋದಳು. ಕಣ್ಣು ಬಿಡಲಾಗದೆ ನಿಂತಿದ್ದ ನನ್ನ ಮೂಗಿಗೆ ಕೆಂಡದ ವಾಸನೆ ಬಡಿಯಿತು. ಒಣಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆಯಲು ಬರುತ್ತಿದ್ದಾಳೆ!

"ಅವ್ವ, ಒಗೆ ತಾಕುದ್ರೆ ಕಣ್ಣೇ ಓಯ್ತದೆ ಕಣವ್ವ!" ಎಂದು ಕಿರುಚಿದೆ.

"ಆಸ್ಪತ್ರೇಲಿ ಎಷ್ಟ್ ಜನ ನೋಡುದ್ರು ನಿನ್ನ! ತೆಗೀದೆ ಒಳಕ್ಕೆ ಎಂಗ್ ಕರ್ಕೊಳ್ಳನ?"

ಕೊನೆಗೆ ಅವಳೇ ದಾರಿ ಹುಡುಕಿದಳು. ನನ್ನ ಹಳೆಯ ದಪ್ಪ ಕನ್ನಡಕ ಇಸಿದುಕೊಂಡು, ನನ್ನನ್ನು ಒಳಗೆ ತಳ್ಳಿ ಬಾಗಿಲು ಹಾಕಿ, ಕೆಂಡವನ್ನು ಬೀದಿಯ ಕೊನೆಗೆ ಒಯ್ದು, ಕನ್ನಡಕಕ್ಕೇ ಮೆಣಸಿನಕಾಯಿ ನಿವಾಳಿಸಿ ಸುಟ್ಟು ಬಂದಳು.

"ಇಷ್ಟ್ ವರ್ಸ ನಿನ್ ಮೊಕದ್ ಮೇಲೇ ಇತ್ತಲ್ಲ, ಇದ್ಕೆ ತೆಗುದ್ರೂ ಆಯ್ತದೆ ಬುಡು," ಎಂದು ಕೆಮ್ಮಿದಳು. ನಾನು ಉರಿಯುವ ಕಣ್ಣು ಮುಚ್ಚಿಕೊಂಡೇ ನಕ್ಕೆ.

ಮುಂದಿನ ಸಲ ತೋರಿಸಲು ಹೋದಾಗ, ಗೋಡೆಯ ಬೋರ್ಡಿನ ಕನ್ನಡ ಅಕ್ಷರಗಳನ್ನು ಮುಕ್ಕಾಲುಪಾಲು ಓದಿದೆ. ಉಳಿದದ್ದು ಮೆಲ್ಲಗೆ ತಿಳಿಯಾಗುತ್ತದೆ ಎಂದರು ಡಾಕ್ಟರು. ಎಲ್ಲ ತನ್ನ ಮೆಣಸಿನಕಾಯಿಯಿಂದ ಎಂದು ಅವ್ವ ಬೀಗಿದಳು. ಹಾಗಾದರೆ ನೀವೂ ಒಮ್ಮೆ ಓದಿ ನೋಡೋಣ ಎಂದು ಅವರು ತಮಾಷೆಗೆ ಅವಳನ್ನು ಕೂರಿಸಿದರು.

ಅವ್ವ ಎಲ್ಲಕ್ಕಿಂತ ದೊಡ್ಡ ಅಕ್ಷರಕ್ಕೇ ತಡವರಿಸಿದಳು. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರೆ, ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ನನ್ನ ನಗು ನಿಂತುಹೋಯಿತು. ಯಾವಾಗಿನಿಂದ ಹೀಗೆ, ಯಾಕೆ ಹೇಳಲಿಲ್ಲ ಎಂದು ಸಂಕಟ ತಡೆಯಲಾಗದೆ ಗದರಿದೆ.

"ನಂದ ಯೋಳಿದ್ರೆ, ನೀನು ನಿಂದ ಬುಟ್ಬುಡ್ತಿದ್ದೆ ಕಣ್ಮಗ," ಅಂದಳು.