ಖಂಡೆ ಪೂಜೆಯ ಹಲಗೆಯ ಮೇಲೆ ಒಂದು ಪುಸ್ತಕ

ವರ್ಷ ಮುಗಿಯುತ್ತ ಬಂತೆಂದರೆ ನಮ್ಮ ಮನೆಯ ಮೊಮ್ಮಕ್ಕಳು ಆ ವರ್ಷ ಓದಿದ್ದರಲ್ಲಿ ಯಾವ ಪುಸ್ತಕ ಹಿಡಿಸಿತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಒಬ್ಬೊಬ್ಬರದೂ ಹತ್ತು ಹತ್ತು. ಹತ್ತು ಹೇಳುವುದರಲ್ಲಿ ಏನು ದೊಡ್ಡಸ್ತಿಕೆ? ಯಾವುದನ್ನೂ ಕೈಬಿಡುವ ಸಂಕಟವೇ ಇಲ್ಲ. ನಮ್ಮ ಕಾಲದಲ್ಲಿ ಒಂದೇ ಪುಸ್ತಕಕ್ಕೆ ಜಾಗವಿತ್ತು, ಆ ಒಂದಕ್ಕಾಗಿ ನಾವು ನಾಲ್ಕು ಹೆಂಗಸರು ನವರಾತ್ರಿಯುದ್ದಕ್ಕೂ ಜಗಳಾಡುತ್ತಿದ್ದೆವು. ಈ ಸಲ ಹುಡುಗರು ನನ್ನನ್ನೂ ಕೇಳಿದರು. ನಾನು ಹೇಳಿದ ಪುಸ್ತಕ ಈ ವರ್ಷದ್ದಲ್ಲವೆಂದು ನಕ್ಕರು. ನಗಲಿ. ಅವರಿಗೆ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ನಾನು ಜಮಖಂಡಿಯವಳು. ಅಪ್ಪ ಅಲ್ಲಿ ಶಾಲೆಯ ಮಾಸ್ತರ. ಮರಾಠಿ ಮಾತಿನ ಅರಸರ ಸಂಸ್ಥಾನ ಹೋಗಿ ಮುಂಬೈ ರಾಜ್ಯದಲ್ಲಿ ಸೇರಿದ್ದರೂ ಊರಿನ ಬಾಯಿಂದ ಮರಾಠಿ ಇಳಿದಿರಲಿಲ್ಲ. ವಾಚನಾಲಯದ ಕಪಾಟಿನಲ್ಲೂ ಮರಾಠಿ ಪುಸ್ತಕಗಳೇ ಹೆಚ್ಚು. ಅಪ್ಪ ಎರಡೂ ಭಾಷೆಯವನ್ನು ತರುತ್ತಿದ್ದ. ನಾನು ಅವನ್ನು ಅವ್ವನಿಗೆ ಓದಿ ಹೇಳುತ್ತಿದ್ದೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಮರಾಠಿಯೂ ಅಷ್ಟಕ್ಕಷ್ಟೆ. ಹೀಗಾಗಿ ಕಣ್ಣಿನಿಂದ ಮರಾಠಿ ಓದುತ್ತ ಬಾಯಿಂದ ಕನ್ನಡ ಹೇಳುವುದು ನನಗೆ ಸಣ್ಣಂದಿನಿಂದಲೇ ರೂಢಿಯಾಯಿತು. ಎಲ್ಲಾದರೂ ತಡವರಿಸಿದರೆ ಅವ್ವ, "ಅಲ್ಲೇನೋ ನುಂಗಿದಿ ನೋಡು" ಎನ್ನುತ್ತಿದ್ದಳು.

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ನನ್ನನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟರು. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮೂರು ಪುಸ್ತಕ ಇಟ್ಟುಕೊಂಡು ಹೋದೆ. ಹೋದ ಮರುದಿನವೇ ಅತ್ತೆ ಟ್ರಂಕು ತೆಗೆಸಿ, ಆ ಮೂರನ್ನೂ ಎತ್ತಿಕೊಂಡು ನಡುಮನೆಗೆ ಹೋದಳು. ಬರುವಾಗ ಕೈ ಖಾಲಿ. ಇನ್ನು ನನ್ನ ಓದು ಮುಗಿಯಿತೆಂದು ಬಚ್ಚಲಿನಲ್ಲಿ ನಿಂತು ಅತ್ತುಬಿಟ್ಟೆ. ಎಂಟು ದಿನ ಮುಖ ಊದಿಸಿಕೊಂಡೇ ಓಡಾಡಿದೆ.

ಕೊನೆಗೆ ಅತ್ತೆಯೇ ಕೇಳಿದಳು. "ಯಾಕ ಬೇ, ಓದಾಕಿ ಅಂತ ಕೇಳಿದ್ದೆ, ಒಂದಿನನೂ ಪುಸ್ತಕ ಕೇಳಲಿಲ್ಲಲ್ಲ ನೀ?"

"ನೀವ ಒಯ್ದೀರಲ್ರೀ, ಅತ್ತಿ."

ಅವಳು ನನ್ನನ್ನು ಕರೆದುಕೊಂಡು ಹೋಗಿ ತಗಡಿನ ಡಬ್ಬಿಯ ಮುಚ್ಚಳ ತೆಗೆದಳು. ಸೆರಗಿಗೆ ಬಳಸುವ ಕೆಂಪು ರೇಷ್ಮೆಯ ಲಡಿಗಳ ನಡುವೆ ನನ್ನ ಮೂರು ಪುಸ್ತಕ ಮಲಗಿದ್ದವು. ನೇಕಾರರ ಮನೆಯೆಂದರೆ ಗಂಜಿಯ ಮನೆ. ಹಾಸಿನ ನೂಲಿಗೆ ಹಚ್ಚುವ ಗಂಜಿಯ ವಾಸನೆಗೆ ಇಲಿಗಳು ಕಾದು ಕೂತಿರುತ್ತವೆ, ಪುಸ್ತಕದ ಬೆನ್ನಿಗೆ ಮೆತ್ತಿರುವುದೂ ಅಂಥದೇ ಅಂಟು. ಅವು ಅದನ್ನು ಬಿಡುತ್ತವೆಯೆ? ಆ ಮನೆಯಲ್ಲಿ ಇಲಿ ಮುಟ್ಟದ ಜಾಗ ರೇಷ್ಮೆಯ ಡಬ್ಬಿ ಒಂದೇ. ಅತ್ತೆ ಅದನ್ನು ನನಗೆ ಬಿಟ್ಟುಕೊಟ್ಟಿದ್ದಳು, ನಾನು ಅವಳನ್ನು ಎಂಟು ದಿನ ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಅಲ್ಲಿಂದ ನನ್ನ ಓದು ಮತ್ತೆ ಸುರುವಾಯಿತು, ಅದೂ ದನಿ ಎತ್ತಿ. ಮಗ್ಗಗಳು ಮುಂದಿನ ಪಡಸಾಲೆಯಲ್ಲಿ, ಅವುಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹೆಂಗಸರು ಹಿತ್ತಿಲ ಕಡೆಯ ಕಟ್ಟೆಯಲ್ಲಿ ಕೂತು ರಾಟಿ ತಿರುವಿ ಕಂಡಿಕೆ ಸುತ್ತುತ್ತಿದ್ದೆವು. ಕಂಡಿಕೆಯೆಂದರೆ ಲಾಳಿಯೊಳಗೆ ಹೊಕ್ಕಿನ ನೂಲು ಸುತ್ತಿ ಇಡುವ ಸಣ್ಣ ಕೊಳವೆ. ಅದು ತೀರಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಗಂಡಸರ ಬಾಯಿ ಸುರುವಾಗುತ್ತದೆ. ಅಲ್ಲಿ ಕೂಡುತ್ತಿದ್ದವರು ನಾಲ್ಕು ಜನ: ಅತ್ತೆ, ನಮ್ಮ ಕಡೆ ನೆಗೆಣ್ಣಿ ಎನ್ನುವ ನನ್ನ ಓರಗಿತ್ತಿ, ನಾನು, ಮತ್ತು ಹುನ್ನೂರಿನಿಂದ ಮಗಳ ಮನೆಗೆ ಬಂದು ನಮ್ಮ ಪಕ್ಕದಲ್ಲೇ ಉಳಿದುಬಿಟ್ಟಿದ್ದ ಒಬ್ಬ ಮುದುಕಿ. ಅವಳನ್ನು ಎಲ್ಲರೂ ಹುನ್ನೂರ ಆಯಿ ಎನ್ನುತ್ತಿದ್ದರು.

ನನಗೆ ಕಂಡಿಕೆ ಸುತ್ತಲು ನೆಟ್ಟಗೆ ಬರುತ್ತಿರಲಿಲ್ಲ. ನಾನು ಸುತ್ತಿದ್ದು ಮಗ್ಗಕ್ಕೆ ಹೋದರೆ ನೂಲು ಸಿಕ್ಕಾಗಿ ಒಳಗಿನಿಂದ ನನ್ನ ಗಂಡನ ಗೊಣಗಾಟ ಕೇಳುತ್ತಿತ್ತು. ಅತ್ತೆಯೇ ಅದಕ್ಕೊಂದು ಕಾಯ್ದೆ ಮಾಡಿದಳು. ಓದುವವಳು ರಾಟಿ ಮುಟ್ಟಬಾರದು. ಅವಳ ಪಾಲಿನ ಕಂಡಿಕೆಯನ್ನು ಕೇಳುವವರು ಸುತ್ತಿ ಅವಳ ಬುಟ್ಟಿಗೆ ಹಾಕಬೇಕು. ಇದರಲ್ಲಿ ಯಾರಿಗೆ ಹೆಚ್ಚು ಲಾಭವಾಯಿತೋ, ನನಗೋ ಮಗ್ಗಕ್ಕೋ, ಇವತ್ತಿಗೂ ಹೇಳಲಾರೆ.

ಮೊದಲ ವರ್ಷದ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಮಗ್ಗ ನಿಲ್ಲಿಸಿ, ಲಾಳಿ, ರಾಟಿ, ಕತ್ತರಿ ಎಲ್ಲ ತೊಳೆದು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಅತ್ತೆ ಕುಂಕುಮದ ಬಟ್ಟಲು ಹಿಡಿದುಕೊಂಡು ನನ್ನತ್ತ ತಿರುಗಿದಳು.

"ಎಲ್ಲಾರದೂ ಬಂತು. ನಿನ್ನ ಆಯುಧ ಎಲ್ಲೈತಿ? ತಂದಿಡು."

ನಾನು ಓಡಿಹೋಗಿ, ಜಮಖಂಡಿಯಿಂದ ಅಪ್ಪ ಕಳಿಸಿದವೂ ಸೇರಿ ಡಬ್ಬಿಯಲ್ಲಿದ್ದ ಪುಸ್ತಕಗಳನ್ನೆಲ್ಲ ಅಪ್ಪಿಕೊಂಡು ಬಂದೆ. ಹಲಗೆಯ ತುದಿಯಲ್ಲಿ ಒಂದಕ್ಕಷ್ಟೇ ಜಾಗ. "ಈ ವರ್ಸ ಓದಿದ್ದರಾಗ ಯಾವುದು ಛಲೋ ಇತ್ತು, ಅದನ್ನ ಇಡು" ಎಂದಳು ಅತ್ತೆ.

ಮುಂದಿನ ವರ್ಷದಿಂದ ನವರಾತ್ರಿಯ ಘಟ ಹಾಕಿದ ಮೊದಲ ದಿನವೇ ಜಗಳ ಸುರು. ಹುನ್ನೂರ ಆಯಿಗೆ ಪತ್ತೇದಾರಿ ಕಾದಂಬರಿಯೇ ಆಗಬೇಕು. ಮೊದಲ ಅಧ್ಯಾಯದಲ್ಲೇ "ಕಾರಕೂನನೇ ಕದ್ದಾನ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದಳು. ಕಥೆಯಲ್ಲಿ ಕಾರಕೂನನೇ ಇಲ್ಲದಿದ್ದರೆ, ಅವನನ್ನು ಎಲ್ಲೋ ಅಡಗಿಸಿ ಇಟ್ಟಿದ್ದಾರೆ ಎನ್ನುತ್ತಿದ್ದಳು. ನೆಗೆಣ್ಣಿಗೆ ಕಾಶಿಗೆ ಹೋಗಿ ಬಂದವರ ಪ್ರವಾಸದ ಪುಸ್ತಕ ಪ್ರಾಣ. ಅದರಲ್ಲಿ ದಾರಿಯುದ್ದಕ್ಕೂ ಊಟದ ವರ್ಣನೆ ಇತ್ತು. ಅತ್ತೆ ಮಾತ್ರ ಯಾರ ಕಡೆಗೂ ವಾಲುತ್ತಿರಲಿಲ್ಲ. "ಎಲ್ಲಾ ಛಲೋ ಅದಾವ" ಎಂದು ರಾಟಿ ತಿರುವುತ್ತಿದ್ದಳು. ಅವಳಿಗೆ ಯಾವುದೂ ಅಷ್ಟಾಗಿ ತಟ್ಟುವುದಿಲ್ಲ, ನಮ್ಮ ಸಂತೋಷಕ್ಕೆ ಕೇಳುತ್ತಾಳೆ ಎಂದೇ ನಾನು ತಿಳಿದಿದ್ದೆ.

ದಸರೆಯ ಸಂಜೆ ಬನ್ನಿ ಹಂಚುವುದಾದ ಮೇಲೆ, ಹಲಗೆ ಏರಿದ ಪುಸ್ತಕದಲ್ಲಿ ಒಂದು ಬನ್ನಿ ಎಲೆ ಇಟ್ಟು ಮುಧೋಳದಲ್ಲಿದ್ದ ನನ್ನ ಅಕ್ಕನಿಗೆ ಕಳಿಸುತ್ತಿದ್ದೆವು. ಅವಳು ತಾನು ಮೆಚ್ಚಿದ್ದನ್ನು ನಮಗೆ ಕಳಿಸುತ್ತಿದ್ದಳು. ನಮ್ಮದು ಮುಧೋಳದಿಂದ ಬೀಳಗಿಯ ಅವಳ ನಾದಿನಿಯ ಮನೆಗೂ ಹೋಗಿ, ಯುಗಾದಿಯ ಹೊತ್ತಿಗೆ ಅರಿಶಿನದ ಬೆರಳಚ್ಚು, ಎಣ್ಣೆಯ ಕಲೆ ಎಲ್ಲ ಹಚ್ಚಿಸಿಕೊಂಡು ತಿರುಗಿ ಬರುತ್ತಿತ್ತು. ಕಲೆ ಎಲ್ಲಿ ಹೆಚ್ಚೋ ಆ ಪುಟ ಅವರಿಗೆ ಹಿಡಿಸಿದೆ ಎಂದು ನಾವು ಲೆಕ್ಕ ಹಾಕುತ್ತಿದ್ದೆವು.

ಹಾಗೆ ಮುಧೋಳದಿಂದ ಬಂದದ್ದೇ ಆ ಹೊಳೆಯ ಪುಸ್ತಕ. ಮರಾಠಿಯದು. ಹೊಳೆಯ ಆಚೆಯ ಊರಿಗೆ ಮದುವೆಯಾಗಿ ಹೋದ ಮಗಳು, ಈಚೆಯ ದಂಡೆಯಲ್ಲಿ ಅವಳ ತಾಯಿ. ತಾಯಿಗೆ ಜಡ್ಡು ಜೋರಾಗಿದೆಯೆಂದು ಸುದ್ದಿ ಬಂದಾಗ ಹೊಳೆ ತುಂಬಿರುತ್ತದೆ. ಅಂಬಿಗ ನಾವೆ ಬಿಡಲು ಒಪ್ಪುವುದಿಲ್ಲ. ನೀರು ಇಳಿದು ಮಗಳು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಾನು ಅದನ್ನು ಓದಿದಾಗ ರಾಟಿಗಳೆಲ್ಲ ನಿಂತವು, ಒಳಗಿನಿಂದ ಕಂಡಿಕೆ ಕಂಡಿಕೆ ಎಂದು ಗಂಡಸರು ಕೂಗಿದರೂ ಯಾರೂ ಏಳಲಿಲ್ಲ. ಆ ವರ್ಷ ಜಗಳವೇ ಆಗಲಿಲ್ಲ, ಹಲಗೆಗೆ ಅದೇ ಏರಿತು.

ಮುಂದಿನ ಮಳೆಗಾಲದಲ್ಲಿ ಜಮಖಂಡಿಯಿಂದ ಸುದ್ದಿ ಬಂತು, ಅವ್ವನಿಗೆ ಹುಷಾರಿಲ್ಲ, ಕೂಡಲೇ ಬರಬೇಕೆಂದು. ಸಿಕ್ಕ ಮೋಟಾರು ಹತ್ತಿದೆ. ಅರ್ಧ ದಾರಿಯಲ್ಲಿ ಅದರ ಗಾಲಿ ಎರಿ ಮಣ್ಣಿನಲ್ಲಿ ಹೂತುಕೊಂಡಿತು. ಗಂಡಸರೆಲ್ಲ ಇಳಿದು ನೂಕಿದರು, ಮೋಟಾರು ಮಿಸುಕಲಿಲ್ಲ. ನಾನು ಸೀರೆ ಎತ್ತಿ ಕಟ್ಟಿಕೊಂಡು ಆ ಕೆಸರಿನಲ್ಲಿ ನಡೆದೇ ಹೊರಟೆ. ಮನೆ ಮುಟ್ಟಿದಾಗ ಅವ್ವನನ್ನು ಮಣ್ಣಿಗೆ ಒಯ್ದಾಗಿತ್ತು. ಅಪ್ಪ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ.

ಬನಹಟ್ಟಿಗೆ ತಿರುಗಿ ಬಂದ ಮೇಲೆ ಪುಸ್ತಕ ತೆಗೆಯಲು ನನ್ನಿಂದ ಆಗಲಿಲ್ಲ. ನನ್ನ ಓದಿನ ದನಿಯೆಲ್ಲ ಅವ್ವನಿಗಾಗಿಯೇ ಹುಟ್ಟಿದ್ದು. ನುಂಗಿದ್ದನ್ನು ಹಿಡಿಯುವವಳೇ ಹೋದ ಮೇಲೆ ಇನ್ನು ಯಾರಿಗೆ ಓದಲಿ ಎನಿಸುತ್ತಿತ್ತು. ಸುಮ್ಮನೆ ರಾಟಿ ಎಳೆದುಕೊಂಡು ಕೂತೆ. ನೂಲು ಹರಿಯಿತು, ಗಂಟು ಹಾಕಿದೆ, ಮತ್ತೆ ಹರಿಯಿತು. ಆದರೆ ಸಂಜೆ ನೋಡಿದರೆ ನನ್ನ ಬುಟ್ಟಿ ತುಂಬಿರುತ್ತಿತ್ತು. ಮೂವರೂ ಮೊದಲಿನ ಹಾಗೆಯೇ ನನ್ನ ಪಾಲನ್ನು ಸುತ್ತಿ ಹಾಕುತ್ತಿದ್ದರು.

"ನಾ ಓದಾಕತ್ತಿಲ್ಲಲ್ರೀ, ಯಾಕ ಹಾಕ್ತೀರಿ?" ಎಂದೆ ಒಂದು ದಿನ.

"ಓದಾಕೀ ಪಾಲು ಓದಾಕೀದ" ಎಂದಳು ಅತ್ತೆ. "ಓದಿದ್ರೂ ಅಷ್ಟ, ಓದದಿದ್ರೂ ಅಷ್ಟ."

ಮಳೆಗಾಲ ಹಾಗೇ ಕಳೆಯಿತು. ಯಾರೂ ಓದೆಂದು ಒತ್ತಾಯ ಮಾಡಲಿಲ್ಲ, ನಾನೂ ಡಬ್ಬಿಯ ಕಡೆ ಸುಳಿಯಲಿಲ್ಲ. ಇನ್ನು ಹೀಗೆಯೇ ಉಳಿದುಬಿಡುತ್ತೇನೆ ಎಂದು ನನಗೆ ಒಳಗೊಳಗೇ ಹೆದರಿಕೆಯಾಗುತ್ತಿತ್ತು. ನವರಾತ್ರಿ ಬಂತು. ಆ ವರ್ಷ ಜಗಳವಿಲ್ಲ. ಖಂಡೆ ಪೂಜೆಯ ಹಿಂದಿನ ಮಧ್ಯಾಹ್ನ ಅತ್ತೆಯೇ ಮಾತು ತೆಗೆದಳು.

"ಈ ವರ್ಸ ಹಲಗಿ ಮ್ಯಾಲ ಯಾವುದು ಇಡೂದು?"

"ಯಾವುದೂ ಬ್ಯಾಡ್ರೀ, ಅತ್ತಿ. ಏನೂ ಓದೇ ಇಲ್ಲ."

"ನೀ ಓದಿಲ್ಲ, ಖರೆ. ಇವತ್ತ ನಾವು ಹೇಳ್ತೀವಿ, ನೀ ಕೇಳು."

ಹುನ್ನೂರ ಆಯಿಗೆ ಅಷ್ಟೇ ಸಾಕಾಯಿತು. ಪತ್ತೇದಾರಿ ಕಾದಂಬರಿಯನ್ನು ಸುರುಮಾಡಿ, ಕಳುವಾದ ಸರವನ್ನು ಇನ್ನೊಂದು ಕಾದಂಬರಿಯ ಬಾವಿಯಲ್ಲಿ ಹುಡುಕಿಸಿ, ಕಟ್ಟಕಡೆಗೆ ಕಾರಕೂನನನ್ನೇ ಹಿಡಿಸಿದಳು. ನೆಗೆಣ್ಣಿ ಕಾಶಿಯ ದಾರಿಯಲ್ಲಿ ಬಡಿಸಿದ ಊಟಕ್ಕೆ ನಮ್ಮ ಕಡೆಯ ಶೇಂಗಾದ ಹೋಳಿಗೆಯನ್ನೂ ಸೇರಿಸಿದಳು. ತಿಂಗಳುಗಳ ಮೇಲೆ ನನಗೆ ನಗೆ ಬಂತು.

ಆಮೇಲೆ ಅತ್ತೆ ರಾಟಿ ಪಕ್ಕಕ್ಕೆ ಸರಿಸಿದಳು. ಎಂದೂ ಯಾವುದನ್ನೂ ಆರಿಸದವಳು ಹೊಳೆಯ ಪುಸ್ತಕವನ್ನು ಹೇಳತೊಡಗಿದಳು. ಮಗಳು ಉಟ್ಟ ಸೀರೆಯ ಬಣ್ಣ, ಅಂಬಿಗನ ಕುಂಟುಗಾಲು, ಸುದ್ದಿ ತಂದವನು ನೀರು ಕುಡಿದ ತಂಬಿಗೆ, ಒಂದನ್ನೂ ಮರೆತಿರಲಿಲ್ಲ. ತಟ್ಟುವುದಿಲ್ಲ ಎಂದುಕೊಂಡಿದ್ದೆನಲ್ಲ! ಕಥೆ ತುಂಬಿದ ಹೊಳೆಯ ದಂಡೆಗೆ ಬಂದಾಗ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಮುಂದಿನದು ನನಗೆ ಗೊತ್ತಿತ್ತು.

"ಅಂಬಿಗ ಮೊದಲ ಒಲ್ಲೆ ಅಂದ" ಎಂದಳು ಅತ್ತೆ. "ಆಕಿ ಮಾರಿ ನೋಡಿ ಮನಸ್ಸು ಕರಗಿತು. ಬಾ ತಂಗಿ, ಕುಂಡ್ರು ಅಂದ. ನೀರು ಬಾಳ ಇತ್ತು, ಆದ್ರ ಆಂವ ಗಟ್ಟಿ ಮನಶ್ಯಾ. ಮುಟ್ಟಿಸಿದ. ಆಕಿ ಓಡಿ ಹೋಗಿ ನೋಡ್ತಾಳ, ಅವ್ವ ಎದ್ದು ಗ್ವಾಡಿಗೆ ಆನಿಕೊಂಡು ಕುಂತಾಳ. ಬಂದ್ಯಾ ನನ ಮಗಳ, ಉಂಡಿಯೇನ ಅಂತ ಕೇಳಿದ್ಲು."

ಪುಸ್ತಕದಲ್ಲಿ ಹಾಗಿರಲಿಲ್ಲ. ಅದು ಅತ್ತೆಗೂ ಗೊತ್ತಿತ್ತು. ಆ ಪುಟ ಕೇಳಿ ಅವಳು ಕಣ್ಣು ಒರೆಸಿಕೊಂಡದ್ದನ್ನು ನಾನೇ ಕಂಡಿದ್ದೆ. ಹುನ್ನೂರ ಆಯಿಗೂ ಗೊತ್ತು, ನೆಗೆಣ್ಣಿಗೂ ಗೊತ್ತು. ಇಬ್ಬರೂ ರಾಟಿ ತಿರುವುತ್ತಲೇ ಇದ್ದರು. ನಾನು ಅತ್ತೆಯ ತೊಡೆಯ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ, ಜಮಖಂಡಿಯಲ್ಲೂ ಹಾಗೆ ಅತ್ತಿರಲಿಲ್ಲ. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ತಾಯಿ-ಮಗಳು ಮಾತಾಡಿದ್ದನ್ನೆಲ್ಲ ನಿಧಾನವಾಗಿ ಹೇಳುತ್ತ ಹೋದಳು. ಅವಳಿಗೆ ನನ್ನ ಕೃತಜ್ಞತೆಯನ್ನು ನಾನೆಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅತ್ತೆ-ಸೊಸೆಯರಲ್ಲಿ ಅಂಥ ಮಾತಿನ ವಾಡಿಕೆ ಎಲ್ಲಿತ್ತು? ಈಗ ಹೇಳುತ್ತೇನೆ: ನನ್ನ ಓದು ಉಳಿದದ್ದು ಅವಳಿಂದ.

ಕಥೆ ಮುಗಿದ ಮೇಲೆ ಕಾಯ್ದೆ ನೆನಪಾಯಿತು. ಹೇಳಿದವಳು ರಾಟಿ ಮುಟ್ಟುವಂತಿಲ್ಲ. ಅತ್ತೆಯ ಪಾಲಿನ ಕಂಡಿಕೆಯನ್ನು ನಾನು ಸುತ್ತಿದೆ, ನನ್ನ ಕೈಲಾದ ಹಾಗೆ, ಸೊಟ್ಟಸೊಟ್ಟಗೆ. ಅವಳು ಒಂದನ್ನು ಎತ್ತಿ ನೋಡಿ, "ಇವನ್ನ ನಿನ್ನ ಗಂಡಗ ಕೊಡು, ಬ್ಯಾರೆ ಮಗ್ಗಕ್ಕ ಬ್ಯಾಡ" ಎಂದಳು. ಮರುದಿನ ಹಲಗೆಯ ಮೇಲೆ ಹೊಳೆಯ ಪುಸ್ತಕವೇ ಇತ್ತು. ಒಂದೇ ಪುಸ್ತಕ ಎರಡು ಸಲ ಏರಿದ್ದು ಅದೊಂದೇ. ಅಕ್ಕನಿಂದಲೇ ಬಂದದ್ದಾದ್ದರಿಂದ ಈ ಸಲ ಅದು ಮುಧೋಳಕ್ಕೆ ಹೋಗಲಿಲ್ಲ, ಡಬ್ಬಿಗೇ ಮರಳಿತು.

ದಸರೆ ಕಳೆದ ಮೇಲೆ ಮಗ್ಗಗಳು ಮತ್ತೆ ಸುರುವಾದವು. ಹುನ್ನೂರ ಆಯಿ, ಹೊಳೆಯ ಕಥೆಯನ್ನು ನನ್ನ ಬಾಯಿಂದಲೇ ಇನ್ನೊಮ್ಮೆ ಕೇಳಬೇಕೆಂದಳು. ನಾನು ಡಬ್ಬಿಯಿಂದ ಪುಸ್ತಕ ತೆಗೆದು ಕೂತೆ. ಮೊದಲ ಪುಟದಲ್ಲಿ ತಡವರಿಸಿದೆ, ಆಮೇಲೆ ಓದು ದಾರಿಗೆ ಬಂತು. ದಿನಕ್ಕಿಷ್ಟು ಓದುತ್ತ ತುಂಬಿದ ಹೊಳೆಯ ಆ ಪುಟಕ್ಕೆ ಬಂದೆ. ಕಣ್ಣ ಮುಂದೆ ಅಚ್ಚಾದ ಮರಾಠಿ ಹೇಳುತ್ತಿದ್ದುದು ಬೇರೆ. ನಾನು ಉಸಿರು ತೆಗೆದುಕೊಂಡು, ಅಂಬಿಗನ ಮನಸ್ಸು ಕರಗಿತೆಂದು ಓದಿದೆ. ನಾವೆ ದಾಟಿತೆಂದು ಓದಿದೆ. ಅವ್ವ ಗೋಡೆಗೆ ಆನಿಕೊಂಡು ಕೂತಿದ್ದಳೆಂದು, ಬಂದ್ಯಾ ನನ ಮಗಳ, ಉಂಡಿಯೇನ ಎಂದು ಕೇಳಿದಳೆಂದು ಓದಿದೆ. ಅಲ್ಲಿಗೆ ಪುಟ ಮಗುಚಲು ಹೋದೆ.

ಅತ್ತೆ ರಾಟಿ ನಿಲ್ಲಿಸದೆ, "ಅಲ್ಲೇನೋ ನುಂಗಿದಿ ನೋಡು" ಎಂದಳು. "ಮಗಳಿಗೆ ಉಣಾಕ ಏನ್ ನೀಡಿದ್ಲು, ಅದನ್ನೂ ಓದು."

ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಗಡಿಗೆಯ ಮೊಸರು ಎಂದು ಓದಿದೆ. ನನ್ನ ಅವ್ವ ನನಗೆ ನೀಡುತ್ತಿದ್ದುದು ಅದೇ.