ನೊರೆ ಬರುವವು, ಬಾರದವು

ನಮ್ಮ ವಿಜ್ಞಾನದ ಟೀಚರ್ ಸೆರಗಿನ ತುಂಬ ಸಾಸಿವೆ ಗಾತ್ರದ ತೂತುಗಳು. ಆಮ್ಲದ ಹನಿ ಸಿಡಿದು ಆದವು. ಒಂದೊಂದರ ಮೇಲೂ ದಾರದಿಂದ ಪುಟ್ಟ ಹೂ ಹಾಕಿಕೊಳ್ಳುತ್ತಿದ್ದರು. ಪಾಠದಲ್ಲಿ ಮಾತ್ರ ಮಹಾ ಹಟಮಾರಿ. ಆಮ್ಲ, ಕಾರ್ಬೋನೇಟ್ ಕೂಡಿದ್ದನ್ನು ಬರೀ ದ್ವಿಸ್ಥಾನಪಲ್ಲಟ ಕ್ರಿಯೆ ಎಂದು ಬರೆದರೆ ಅರ್ಧ ಅಂಕ. ಆಮೇಲಿನ ವಿಭಜನೆಯನ್ನೂ ಹೇಳಿದರಷ್ಟೇ ಪೂರ್ತಿ. "ಮೊದಲ ಬ್ಯಾರೆ ಬ್ಯಾರೆ ಮಾಡ್ರಿ, ಆಮ್ಯಾಲ ಹೆಸರಿಡ್ರಿ" ಎನ್ನುತ್ತಿದ್ದರು.

ಆ ಸೆರಗು ನೋಡಿಯೇ ನನ್ನವ್ವ ಹೆದರಿದ್ದು. ಹತ್ತನೆಯ ತರಗತಿ ಮುಗಿಯುತ್ತ ಬಂದಿತ್ತು. ನನಗೆ ವಿಜ್ಞಾನವೇ ಬೇಕು. ಅವ್ವನದು ಒಂದೇ ಮಾತು: "ಸೀರಿ ಸುಟ್ಟಂಗ ನಾಳೆ ಮಾರಿ ಸುಟ್ರ? ಆರ್ಟ್ಸ್ ಓದು, ಸಾಕು."

ಅವ್ವನ ಮನವೊಲಿಸಲೆಂದೇ ಟೀಚರ್ ನಮ್ಮೂರು ಇಜೇರಿಗೆ, ನಮ್ಮ ಮನೆಗೇ ಬಂದರು. ಅದೇ ಹೊತ್ತಿಗೆ ಅವ್ವ, ಹೊಸದಾಗಿ ಹಾಸಿದ ಶಾಬಾದಿ ಫರಸಿಕಲ್ಲಿನ ಮೇಲಿನ ಸಿಮೆಂಟ್ ಕಲೆ ತೆಗೆಯಲು ಬಚ್ಚಲು ತೊಳೆಯುವ ಆಸಿಡ್ ಸುರಿಯುತ್ತಿದ್ದಳು! ನೆಲ ಬುಸುಗುಡುತ್ತಿತ್ತು.

"ನಿಂದರ್ರಿ ಅಕ್ಕಾ! ನಿಮ್ಮ ಫರಸಿನೇ ಕರಗಾಕತ್ತದ!" ಟೀಚರ್ ಚಪ್ಪಲಿ ಬಿಡದೆ ಓಡಿಬಂದು ಕೊಡದ ನೀರು ಸುರಿದರು.

ಅವ್ವ ಸೋಲುವವಳಲ್ಲ. "ಬಚ್ಚಲದಾಗಿನ ಟೈಲ್ಸಿಗೆ ಏನೂ ಆಗಂಗಿಲ್ಲ. ಇದಕ್ಯಾಕ್ರಿ ನೊರಿ?"

ಟೀಚರ್ ಮುಖ ಅರಳಿತು. ಬಂದ ಕೆಲಸ ಮರೆತು ಅಲ್ಲೇ ಕೂತುಬಿಟ್ಟರು. "ಫರಸಿಯೊಳಗ ಕಾರ್ಬೋನೇಟ್ ಅದರಿ. ಆಮ್ಲ ಬಿತ್ತಂದ್ರ ಎರಡೂ ತಮ್ಮ ಜೋಡಿ ಅದಲಿಬದಲಿ ಮಾಡ್ಕೋತಾವ. ಹುಟ್ಟಿದ್ದು ನಿಲ್ಲಂಗಿಲ್ಲ, ಒಡದು ನೀರು, ಗಾಳಿ ಆಗ್ತದ. ಆ ಗಾಳಿನೇ ನೊರಿ."

ಆಮೇಲೆ ಅವ್ವ ಮನೆಯ ಸಾಮಾನನ್ನೆಲ್ಲ ನಿಂಬೆರಸದ ಮುಂದೆ ಹಾಜರುಪಡಿಸಿದಳು. ಅಡುಗೆ ಸೋಡಾ, ಉಪ್ಪು, ಇಟ್ಟಿಗೆಯ ಚೂರು. ನೊರೆ ಬಂದವು ಒಂದು ಕಡೆ, ಬಾರದವು ಇನ್ನೊಂದು ಕಡೆ. ಎಲೆಗೆ ಹಚ್ಚುವ ಸುಣ್ಣ ಸುಮ್ಮನಿತ್ತು. ಹಳೆಯ ಗೋಡೆಯಿಂದ ಉದುರಿದ ಸುಣ್ಣದ ಚಕ್ಕೆ ನೊರೆಯೆದ್ದಿತು. "ಎರಡೂ ಸುಣ್ಣನೇ ಅಲ್ರೀ!" ಅವ್ವ ಜಗಳಕ್ಕೇ ನಿಂತಳು.

"ಗ್ವಾಡಿ ಮ್ಯಾಲಿಂದು ಗಾಳಿ ಕುಡುದು ಕುಡುದು ಕಾರ್ಬೋನೇಟ್ ಆಗೇದ್ರಿ" ಎಂದು ಟೀಚರ್ ನಕ್ಕರು.

ನನ್ನ ವಿಷಯವನ್ನೇ ಎತ್ತದೆ ಅವರು ಎದ್ದು ಹೊರಟಾಗ ನನಗೆ ಅಳು ಬಂತು. ಬಾಗಿಲಲ್ಲಿ ಅವ್ವನೇ ತಡೆದಳು: "ಇಕಿನ್ನ ಸೈನ್ಸಿಗೇ ಹಚ್ರಿ ಟೀಚರ್. ಪ್ರತಿಯೊಂದಕ್ಕೂ ನಿಮ್ಮನ್ನ ಎಲ್ಲಿ ಹುಡುಕ್ಕೋತ ಬರ್ಲಿ?"

ಈಗ ನಾನು ಜೇವರ್ಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಟೀಚರ್ ನಿವೃತ್ತರಾಗಿ ಅಫಜಲಪುರದಲ್ಲಿ ಆರಾಮಾಗಿದ್ದಾರೆ. ಫೋನ್ ಮಾಡಿದರೆ ನನ್ನ ಕೂಡ ಎರಡು ಮಾತಾಡಿ, "ಅವ್ವನ ಕೈಯಾಗ ಕೊಡು" ಎನ್ನುತ್ತಾರೆ. ಕೊಟ್ಟು ಪಕ್ಕದಲ್ಲೇ ಕೂರುತ್ತೇನೆ. ಅವರಿಬ್ಬರ ಆ ಒಂದು ಮಧ್ಯಾಹ್ನದ ಋಣದಲ್ಲೇ ನನ್ನ ಬದುಕು ನಡೆದಿದೆ.